ಅಳತೆಗೆ ಕೂತ ಅಮ್ಮ

ಆ ಊರಿನಲ್ಲಿ ನೀರು ಮೊದಲನೆಯ ಮಹಡಿಯ ಕಿಟಕಿಯವರೆಗೆ ಬಂದು ಅಲ್ಲೇ ನಿಂತಿತ್ತು. ಪ್ರವಾಹವೇನಲ್ಲ, ಯಾರೂ ಮುಳುಗಿರಲಿಲ್ಲ, ಒಂದು ಗೋಡೆಯೂ ಕುಸಿದಿರಲಿಲ್ಲ. ಒಂದು ಬೆಳಗ್ಗೆ ನೀರು ಬಂತು, ಜನ ಸಾಮಾನನ್ನೆಲ್ಲ ಮೇಲಕ್ಕೆ ಸಾಗಿಸಿಕೊಂಡರು, ಕಿಟಕಿಗಳನ್ನೇ ಬಾಗಿಲು ಮಾಡಿಕೊಂಡರು, ಅಷ್ಟೇ. ಬೀದಿಗಳು ಕಾಲುವೆಗಳಾದವು. ದೀಪದ ಕಂಬಗಳ ತಲೆಗಳು ಮಾತ್ರ ನೀರಿನ ಮೇಲೆ ಸಾಲಾಗಿ ಉಳಿದವು. ಆ ಊರಿನಲ್ಲಿ ದೋಣಿಗೆ ಹುಟ್ಟು ಹಾಕಿದರೆ ಮಾತ್ರ ಹೊತ್ತು ಸರಿಯುತ್ತಿತ್ತು. ಹುಟ್ಟು ಎತ್ತಿ ಹಿಡಿದರೆ ಸೂರ್ಯನೂ ಇದ್ದಲ್ಲೇ ನಿಲ್ಲುತ್ತಿದ್ದ. ಬೇಕಾದಷ್ಟು ಹೊತ್ತು ಮಧ್ಯಾಹ್ನವು ಮಧ್ಯಾಹ್ನವಾಗಿಯೇ ಇರುತ್ತಿತ್ತು.

ಊರನ್ನು ಕಟ್ಟಿದವಳು ಗುಬ್ಬಿ. ಅದು ಮನೆಯಲ್ಲಿ ಇಟ್ಟ ಅಡ್ಡಹೆಸರು. ನಲವತ್ತು ದಾಟಿದರೂ ಅವಳನ್ನು ಬಿಟ್ಟಿರಲಿಲ್ಲ. ಬೆಳಗಿನ ಹೊತ್ತು ಅವಳು ಅಣ್ಣನ ಕನ್ನಡಕದ ಅಂಗಡಿಯಲ್ಲಿ ಗಾಜಿನ ಅಂಚು ಅರೆದು ಫ್ರೇಮಿಗೆ ಕೂರಿಸುತ್ತಿದ್ದಳು. ಕೂದಲೆಳೆಯಷ್ಟು ಹೆಚ್ಚು ಅರೆದರೆ ಗಾಜು ಫ್ರೇಮಿನೊಳಗೆ ಅಲ್ಲಾಡುತ್ತದೆ. ಕಡಿಮೆ ಅರೆದರೆ ಬಿಗಿದುಕೊಂಡು ಬಿರುಕು ಬಿಡುತ್ತದೆ. ಮಧ್ಯಾಹ್ನದ ಮೇಲೆ ಮಹಡಿಯ ಕೋಣೆಗೆ ಹತ್ತಿ, ಕಂಪ್ಯೂಟರಿನ ಮುಂದೆ ಕೂತು, ಅದೇ ಕಣ್ಣಿನಿಂದ ಊರು ಕಟ್ಟುತ್ತಿದ್ದಳು. ಹಿಂದೆ ಕಂಪನಿ ಇರಲಿಲ್ಲ, ಜೊತೆಗೆ ತಂಡ ಇರಲಿಲ್ಲ. ಚಿತ್ರ, ಸದ್ದು, ಪ್ರೋಗ್ರಾಮು, ಯಾವ ಅಲೆ ಯಾವ ಗೋಡೆಗೆ ತಾಗಿ ಹೇಗೆ ಮರಳಬೇಕೆಂಬ ಲೆಕ್ಕ, ಎಲ್ಲವೂ ಒಬ್ಬಳದೇ. ಇಂಥ ಒಂಟಿ ಗೇಮ್ ತಯಾರಕರು ಜಗತ್ತಿನಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರ ಹೆಸರು ಯಾರಿಗೂ ಗೊತ್ತಿಲ್ಲ.

ಇಡೀ ಊರು ಇದ್ದದ್ದು ಕೊನೆಯ ಬೀದಿಗಾಗಿ. ಎಷ್ಟು ಸುತ್ತಿ ಬಂದರೂ ದೋಣಿ ಆ ಬೀದಿಗೆ ತಿರುಗುವಾಗ ಸಂಜೆಯಾಗಿರುವಂತೆ ಅವಳು ಹೊಂದಿಸಿದ್ದಳು. ಅಲ್ಲಿ ಆಕಾಶದ ಬೆಳಕು ಹೋದ ಮೇಲೂ ನೀರಿನಲ್ಲಿ ಬೆಳಕು ಉಳಿದಿರುತ್ತಿತ್ತು. ಹುಟ್ಟು ಎತ್ತಿ ಹೊತ್ತು ನಿಲ್ಲಿಸಿದರೂ ಮನೆಗಳ ದೀಪಗಳು ಮಾತ್ರ ನಿಲ್ಲದೆ, ಮೊದಲು ನೀರಿನೊಳಗಿನ ಬಿಂಬದಲ್ಲಿ ಹೊತ್ತಿಕೊಳ್ಳುತ್ತಿದ್ದವು. ಒಂದು ಉಸಿರು ಕಳೆದ ಮೇಲೆ ಕಿಟಕಿಗಳಲ್ಲಿ. ನಿಜದಲ್ಲಿ ಹೀಗಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ತೀರ ಚಿಕ್ಕವಳಿದ್ದಾಗ ಅಣ್ಣನ ಕೈ ಹಿಡಿದು ಹೊಳೆಯ ದಡದಲ್ಲಿ ನಿಂತಿದ್ದಾಗ ಹಾಗೆಯೇ ಕಂಡಿತ್ತು, ಅಥವಾ ಕಂಡಂತೆ ನೆನಪಿತ್ತು. ಗೊತ್ತುಪರಿಚಯ ಇಲ್ಲದ ಯಾರಾದರೂ ಒಬ್ಬರು ಆ ಬೀದಿಯಲ್ಲಿ ದೋಣಿ ನಿಲ್ಲಿಸಿ ಅದನ್ನು ನೋಡಬೇಕು. ಅವಳಿಗೆ ಬೇಕಿದ್ದದ್ದು ಅಷ್ಟು.

ಅದೇ ಆಗುತ್ತಿರಲಿಲ್ಲ. ಶನಿವಾರದ ಸಂಜೆ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಇವಳಂಥವರು ಕೆಲವರು ಸೇರಿ, ಒಬ್ಬರ ಆಟವನ್ನು ಇನ್ನೊಬ್ಬರು ಆಡಿ ನೋಡುವ ಪದ್ಧತಿಯಿತ್ತು. ಗುಬ್ಬಿಯ ಕುರ್ಚಿಯಲ್ಲಿ ಕೂತವರೆಲ್ಲ ಎರಡನೆಯ ಸೇತುವೆಯ ಹತ್ತಿರ ಎದ್ದುಬಿಡುತ್ತಿದ್ದರು. "ಚೆನ್ನಾಗಿದೆ, ಚೆನ್ನಾಗಿದೆ" ಅನ್ನುತ್ತಲೇ ಏಳುತ್ತಿದ್ದರು. ಬಾಯಿಬಿಟ್ಟು ಹೇಳುತ್ತಿದ್ದವನು ಬೆಕ್ಕಿನವನೊಬ್ಬನೇ. ಅವನು ಮಾಡುವ ಪ್ರತಿ ಆಟದಲ್ಲೂ ಎಲ್ಲಾದರೊಂದು ಬೆಕ್ಕು ಇರುತ್ತಿದ್ದುದರಿಂದ ಆ ಹೆಸರು.

"ನೀರು ಅದ್ಭುತ ಕಣೇ. ಆದ್ರೆ ಮುಂದೆ ಏನು?"

"ಮುಂದೆ ಬೀದಿ ಇದೆ."

"ಬೀದಿ ಆದ್ಮೇಲೆ?"

"ಇನ್ನೊಂದು ಬೀದಿ."

"ಒಂದು ಮೊಸಳೆನಾದ್ರೂ ಬಿಡು ನೀರಿಗೆ. ಜನ ಹೆದರಿಕೆಗಾದ್ರೂ ಬೇಗ ಬೇಗ ಹುಟ್ಟು ಹಾಕ್ತಾರೆ."

"ಬೇಗ ಹೋಗೋರಿಗೆ ಅಲ್ಲ ಕಣೋ ನಾನು ಮಾಡಿರೋದು."

"ಹಾಗಾದ್ರೆ ನೀನೊಬ್ಳೇ ಹೋಗು, ಆರಾಮಾಗಿ."

ಗುರುತಿನವರಿಂದ ಆಗದ ಕೆಲಸ ಗುರುತಿಲ್ಲದವರಿಂದ ಆದೀತೆಂದು ಕೊನೆಗೆ ಅವಳು ಆಟವನ್ನು ಇಂಟರ್ನೆಟ್ಟಿಗೆ ಹಾಕಿದಳು. ಬೇಕಾದವರು ಇಳಿಸಿಕೊಂಡು ಆಡಬಹುದು. ಹಾಕುವ ಮುನ್ನ ಪ್ರತಿ ಬೀದಿಯನ್ನೂ ಸುತ್ತಿ ಬಂದಳು. ಒಂದು ಕಿಟಕಿಯ ಹೊಸ್ತಿಲಿನ ಬಿರುಕು ನೀರಿನ ಬಿಂಬದಲ್ಲಿ ಉಲ್ಟಾ ಬಿದ್ದಿಲ್ಲವೆಂದು ಕಂಡು ಅದನ್ನೂ ಸರಿಮಾಡಿದಳು. ಆಮೇಲೆ, ಈ ಕೆಲಸದವರಲ್ಲಿ ಇರುವ ಒಂದು ನಂಬಿಕೆಯಂತೆ, ಜನ ಏನು ಬರೆದಿದ್ದಾರೆಂದು ಒಂದು ವಾರ ನೋಡಬಾರದೆಂದು ಕಂಪ್ಯೂಟರನ್ನೇ ಮುಚ್ಚಿಟ್ಟು, ದಿನವಿಡೀ ಅಂಗಡಿಯಲ್ಲಿ ಕೂತಳು. ಅಣ್ಣನಿಗೆ ಖುಷಿಯೋ ಖುಷಿ. ಬಾಕಿ ಬಿದ್ದಿದ್ದ ಕನ್ನಡಕಗಳೆಲ್ಲ ಮುಗಿದವು.

ವಾರ ತುಂಬುವ ಮೊದಲೇ ಬೆಕ್ಕಿನವನ ಫೋನ್ ಬಂತು. ಅವಳು ಅರೆಯುವ ಯಂತ್ರ ನಿಲ್ಲಿಸಿ ಕಿವಿಗಿಟ್ಟುಕೊಂಡಳು.

"ಗುಬ್ಬಿ, ನಿನ್ನ ಗೇಮ್ ಆಡ್ತಾ ಇದೀನಿ."

"ಎಲ್ಲಿದೀಯ? ಎರಡನೇ ಸೇತುವೆ ದಾಟಿದ್ಯಾ?"

"ಯಾವ ಸೇತುವೆ? ಇಲ್ಲಿ ನಿಮ್ಮಮ್ಮ ನಂಗೆ ಬೈತಾ ಇದಾರೆ."

ಗುಬ್ಬಿಗೆ ಕೂತ ಸ್ಟೂಲು ಕೆಳಗಿಳಿದಂತಾಯಿತು. ಏನಾಗಿದೆಯೆಂದು ಅಷ್ಟರಲ್ಲೇ ತಿಳಿದುಹೋಗಿತ್ತು.

ಆಟ ಕಟ್ಟುವವರೆಲ್ಲರ ಬಳಿಯೂ ಒಂದು ಉಗ್ರಾಣವಿರುತ್ತದೆ. ಅದೂ ಆಟದೊಳಗಿನ ಒಂದು ಕೋಣೆಯೇ, ಆದರೆ ಆಡುವವರ ಕಣ್ಣಿಗೆ ಬೀಳಬಾರದ ಕೋಣೆ. ಹೊಸದಾಗಿ ಮಾಡಿದ್ದನ್ನು ಊರಿಗೆ ಒಯ್ಯುವ ಮುನ್ನ ಅಲ್ಲಿಟ್ಟು ಪರೀಕ್ಷಿಸುತ್ತಾರೆ. ಗುಬ್ಬಿಯ ಉಗ್ರಾಣಕ್ಕೆ ಗೋಡೆಯಿರಲಿಲ್ಲ, ಮಾಡಿರಲಿಲ್ಲ. ಚೌಕುಳಿ ನೆಲ, ಸುತ್ತ ಎತ್ತ ನೋಡಿದರೂ ಹಾಲಿನಂಥ ಬಿಳುಪು. ಅಲ್ಲಿ ಎಲ್ಲಿಗೂ ಹೋಗದ ಒಂದು ಮೆಟ್ಟಿಲು ಬಿಳುಪಿನೊಳಗೆ ಏರಿ ಮರೆಯಾಗುತ್ತಿತ್ತು. ಚೌಕಟ್ಟಿನ ಸಮೇತ ನಿಂತ ಬಾಗಿಲುಗಳು ತೆರೆದು ಮುಚ್ಚಿಕೊಳ್ಳುತ್ತಿದ್ದವು. ದೊಡ್ಡ ದೊಡ್ಡ ಟ್ರೇಗಳಲ್ಲಿ ಅವಳು ಬೇಡವೆಂದು ಬಿಟ್ಟ ನೀರುಗಳಿದ್ದವು: ತೀರ ದಪ್ಪವಾದದ್ದು, ತೀರ ನೀಲಿಯಾದದ್ದು, ಅಲೆಯೆದ್ದು ಕೆಳಗಿಳಿಯಲು ಮರೆತದ್ದು. ಬೆಕ್ಕಿನವನು ಹುಟ್ಟುಹಬ್ಬಕ್ಕೆಂದು ಕೊಟ್ಟ ಬೆಕ್ಕೊಂದು ಏನೋ ದೋಷವಾಗಿ ತಲೆಕೆಳಗಾಗಿ ಓಡಾಡುತ್ತಿತ್ತು.

ಇದೆಲ್ಲದರ ನಡುವೆ ಕುರ್ಚಿಯ ಮೇಲೆ ಅಮ್ಮ ಕೂತಿದ್ದಳು.

ಬಾಗಿಲು ಎಷ್ಟೆತ್ತರ, ಮೇಜು ಎಷ್ಟೆತ್ತರ ಎಂದು ಅಳೆಯಲು ಉಗ್ರಾಣದಲ್ಲಿ ಒಂದು ಮನುಷ್ಯಾಕೃತಿ ಬೇಕಾಗುತ್ತದೆ. ಗುಬ್ಬಿಯ ಕೈಗೆ ಸುಲಭವಾಗಿ ಸಿಕ್ಕವಳು ಅಮ್ಮ. ಬಾಲ್ಕನಿಯಲ್ಲಿ ಕೂತಿದ್ದವಳ ಮೊಣಕಾಲು, ಮೊಣಕೈ, ನೆತ್ತಿಗೆಲ್ಲ ಟೇಪು ಹಿಡಿದಾಗ, "ಏನೇ, ಹೊಸ ಬಟ್ಟೆ ಹೊಲಿಸ್ತೀಯಾ ನಂಗೆ?" ಎಂದು ಅಮ್ಮ ಕೇಳಿದ್ದಳು. "ಹೂಂ" ಎಂದು ಗುಬ್ಬಿ ತೇಲಿಸಿಬಿಟ್ಟಿದ್ದಳು. ಆಮೇಲೆ, ನೀರಿನ ಮೇಲೆ ದನಿ ದೂರ ಹೋದಷ್ಟೂ ಹೇಗೆ ಸಣ್ಣದಾಗಬೇಕೆಂದು ನೋಡಲು ಒಂದು ದನಿ ಬೇಕಾಯಿತು. ಕೋಣೆಯ ಮೈಕು ಹಾಗೇ ತೆರೆದಿದ್ದಾಗ ಕೆಳಗಿನಿಂದ ಅಮ್ಮ ಕೂಗಿದ್ದೆಲ್ಲ ಅದರಲ್ಲಿತ್ತು. ಅವನ್ನು ಕತ್ತರಿಸಿ ಆ ಆಕೃತಿಗೆ ಅಂಟಿಸಿದಳು. ಹತ್ತಿರ ಹೋದರೆ ಅದು ಮಾತಾಡುತ್ತಿತ್ತು. "ಗುಬ್ಬೀ, ಕೇಳಿಸ್ತಾ?" "ಕಿಟಕಿ ಹಾಕು, ಗಾಳಿ ಬರ್ತಿದೆ." "ಬಂದೆ ಬಂದೆ ಅಂತೀಯ, ಬರೋದೇ ಇಲ್ಲ." "ಅದೆಷ್ಟು ಹೊತ್ತಿಂದ ಕೂತಿದೀಯ, ಬೆನ್ನಾದ್ರೂ ನೆಟ್ಟಗೆ ಮಾಡು."

ಕೆಲಸ ನಡೆಯುತ್ತಿರುವಾಗ ಆಟ ಉಗ್ರಾಣದಿಂದಲೇ ಶುರುವಾಗುವಂತೆ ಇಟ್ಟುಕೊಳ್ಳುವುದು ರೂಢಿ. ಹೊರಗೆ ಕಳಿಸುವಾಗ ಅದನ್ನು ಊರಿಗೆ ಬದಲಿಸಬೇಕು. ಬಿಂಬದೊಳಗಿನ ಬಿರುಕನ್ನು ಹುಡುಕಿ ತೆಗೆದವಳು ಇದನ್ನು ಮರೆತಿದ್ದಳು. ಅವಳ ಕಂಪ್ಯೂಟರಿನಲ್ಲಾದರೆ ಒಂದು ಗುಂಡಿ ಒತ್ತಿ ಉಗ್ರಾಣದಿಂದ ಊರಿಗೆ ಹೋಗಬಹುದಿತ್ತು. ಬೇರೆಯವರಿಗೆ ಆ ಗುಂಡಿಯಿಲ್ಲ. ಇಷ್ಟು ದಿನದಿಂದ ಕಂಡಕಂಡವರೆಲ್ಲ ಬಿಳಿ ಬಯಲಿನಲ್ಲಿ ಅಮ್ಮನ ಜೊತೆ ಸಿಕ್ಕಿಹಾಕಿಕೊಂಡಿದ್ದರು.

ಮಹಡಿಗೆ ಓಡಿ ಕಂಪ್ಯೂಟರ್ ತೆರೆದಾಗ, ಬೈಗುಳವನ್ನು ನಿರೀಕ್ಷಿಸಿದ್ದ ಅವಳಿಗೆ ಕಂಡದ್ದು ಬೇರೆ. ಜನ ರಾಶಿ ರಾಶಿ ಬರೆದಿದ್ದರು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬಳು, ಪಾಳಿ ಮುಗಿಸಿ ಬಂದು ಸ್ವಲ್ಪ ಹೊತ್ತು ಆ ಕುರ್ಚಿಯ ಪಕ್ಕ ನಿಂತು ಮಲಗಲು ಹೋಗುತ್ತೇನೆ ಎಂದಿದ್ದಳು. ಇನ್ನೊಬ್ಬ, "ಬೆನ್ನು ನೆಟ್ಟಗೆ ಮಾಡು ಅಂದಾಗ ನಿಜವಾಗಿಯೂ ನೆಟ್ಟಗೆ ಕೂತೆ" ಎಂದು ಬರೆದಿದ್ದ. ಅದರ ಕೆಳಗೆ ಸಾಲಾಗಿ "ನಾನೂ", "ನಾನೂ" ಎಂದಿತ್ತು. ತಲೆಕೆಳಗಾದ ಬೆಕ್ಕಿಗೆ ಅರ್ಥ ಹಚ್ಚಿದವರಿದ್ದರು: ಅಮ್ಮನ ಕಣ್ಣಿನಿಂದ ನೋಡಿದರೆ ತಲೆಕೆಳಗಾಗಿರುವುದು ನಾವು, ಬೆಕ್ಕಲ್ಲ. ಮೆಟ್ಟಿಲು ಏರಿದರೆ ಏನೂ ಸಿಗುವುದಿಲ್ಲ, ಆದರೆ ಎಷ್ಟೇ ಮೇಲೆ ಹೋದರೂ ಅಮ್ಮನ ದನಿ ಸಣ್ಣಗೆ ಕೇಳಿಸುತ್ತಲೇ ಇರುತ್ತದೆ, ಅದೇ ಈ ಆಟದ ತಿರುಳು ಎಂದು ಒಬ್ಬರು ಉದ್ದಕ್ಕೆ ಬರೆದಿದ್ದರು. ದನಿ ಸಣ್ಣದಾಗುವ ಲೆಕ್ಕ ಕೈಕೊಟ್ಟಿದ್ದರಿಂದ ಹಾಗಾಗಿತ್ತು.

ಊರಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಊರೊಂದು ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ.

ಅವಳು ತಪ್ಪನ್ನು ಸರಿಪಡಿಸಿ, ಸರಿಯಾದ ಆಟವನ್ನು ಹಾಕಿ, ಆದದ್ದಕ್ಕೆ ಕ್ಷಮೆ ಕೇಳಿ ನಾಲ್ಕು ಸಾಲು ಬರೆದಳು. ಉತ್ತರ ಬೇಗ ಬಂತು. "ಹೊಸದರಲ್ಲಿ ಅಮ್ಮ ಇಲ್ಲ." "ಅಮ್ಮನನ್ನು ಎಲ್ಲಿಗೆ ಕಳಿಸಿದಿರಿ?" ಒಬ್ಬ ಬರೆದ: "ನಡುವೆ ಯಾವುದೋ ಊರು ಅಡ್ಡ ಬಂದಿದೆ. ದಯವಿಟ್ಟು ತೆಗೆಯಿರಿ." ಹಳೆಯ ಪ್ರತಿ ಇದ್ದವರು ಅದನ್ನೇ ಇಟ್ಟುಕೊಂಡರು, ಕೇಳಿದವರಿಗೆ ಕೊಟ್ಟರು. ಹೊಸದನ್ನು ಆಡಿದ ಕೆಲವರು ಎರಡನೆಯ ಸೇತುವೆಯ ಹತ್ತಿರ ಎದ್ದು ಹೋದರು.

"ನೀನು ಲಕ್ಕಿ ಕಣೇ," ಎಂದ ಬೆಕ್ಕಿನವನು. "ನಾನು ಇಷ್ಟು ವರ್ಷ ಬೆಕ್ಕು ಮಾಡಿದೆ. ಯಾರೂ ನನ್ನ ಬೆಕ್ಕಿನ ಬಗ್ಗೆ ಹೀಗೆ ಬರೆದಿರ್ಲಿಲ್ಲ. ನಿನ್ನ ಕಸದ ಮೂಲೇಲಿ ಅದಕ್ಕೊಂದು ಬಾಳು ಬಂತು."

"ಅವರು ಆಡ್ತಿರೋದು ನನ್ನ ಗೇಮ್ ಅಲ್ಲ."

"ನೀನೇ ಮಾಡಿದ್ದು ತಾನೇ?"

"ಮಾಡಿದ್ದು ನಾನೇ. ಕೊಟ್ಟಿದ್ದು ನಾನಲ್ಲ."

ಇಷ್ಟೆಲ್ಲ ಆಗುತ್ತಿರುವಾಗ ಅಮ್ಮನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಾದದ್ದು ಅಂಗಡಿಯಲ್ಲಿ.

ಅವತ್ತು ಹೊಸ ಕನ್ನಡಕ ಒಯ್ಯಲು ಒಬ್ಬ ಯುವತಿ ಬಂದಿದ್ದಳು. ಗುಬ್ಬಿ ಒಳಗೆ ಬೇರೊಂದು ಕನ್ನಡಕದ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸುತ್ತಿದ್ದಳು. ಅಣ್ಣ ಕೌಂಟರಿನ ಮೇಲೆ ಬಾಗಿ ಏನೋ ತಿದ್ದುತ್ತಿದ್ದ. ಮನೆಯೊಳಗಿನಿಂದ ಬಂದ ಅಮ್ಮ ಅವನನ್ನು ನೋಡಿ ಎಂದಿನಂತೆ, "ಬೆನ್ನು ನೆಟ್ಟಗೆ ಮಾಡೋ. ಗೂನು ಬಂದ್ರೆ ನನ್ನ ಕೇಳ್ಬೇಡ" ಎಂದಳು.

ನೆಟ್ಟಗಾದದ್ದು ಅಣ್ಣನಲ್ಲ, ಆ ಯುವತಿ. ಅವಳು ಹೊಸ ಕನ್ನಡಕ ಕೈಯಲ್ಲೇ ಹಿಡಿದು, ಕಣ್ಣು ಕಿರಿದು ಮಾಡಿ ಅಮ್ಮನನ್ನು ನೋಡಿದಳು. ಆಮೇಲೆ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು.

"ಇನ್ನೊಂದ್ಸಲ ಹೇಳ್ತೀರಾ?" ಎಂದಳು.

"ಏನನ್ನ?"

"ಈಗ ಹೇಳಿದ್ರಲ್ಲ, ಅದನ್ನ. ನೀವು ಆ ಬಿಳಿ ಕೋಣೆಯ ಅಮ್ಮ ಅಲ್ವಾ? ಕುರ್ಚಿ ಮೇಲೆ ಕೂತಿರ್ತೀರ, ಅದೇ ಹಸಿರು ಸ್ವೆಟರ್. ನಾನು ದಿನಾ ನಿಮ್ಮ ಹತ್ರ ಬರ್ತಿದ್ದೆ."

"ನನ್ನ ಹತ್ರ? ನಾನು ನಿಮ್ಮನ್ನ ನೋಡೇ ಇಲ್ವಲ್ಲಮ್ಮ."

ಯುವತಿ ತನ್ನ ಫೋನ್ ತೆಗೆದು ಆ ಕೋಣೆಯ ಚಿತ್ರ ತೋರಿಸಿದಳು. ಅಮ್ಮ ಬಹಳ ಹೊತ್ತು ನೋಡಿದಳು. ಒಳಗೆ ಗುಬ್ಬಿಯ ಕೈಯಲ್ಲಿದ್ದ ಕಡ್ಡಿ ತಣ್ಣಗಾಯಿತು.

"ಅಮ್ಮ ಫೇಮಸ್ ಆಗ್ಬಿಟ್ಳು," ಎಂದ ಅಣ್ಣ. "ಇನ್ಮೇಲೆ ನಮ್ಮನ್ನೆಲ್ಲ ಮಾತಾಡಿಸ್ತಾಳೋ ಇಲ್ವೋ."

"ನೀನು ಬಾಯಿ ಮುಚ್ಚು," ಎಂದಳು ಅಮ್ಮ.

ಅವಳು ಮಹಡಿಯ ಕೋಣೆಗೆ ಬಂದದ್ದು ಅಂದು ಮಧ್ಯಾಹ್ನ. ಮೆಟ್ಟಿಲು ಹತ್ತುವುದು ಅವಳಿಗೆ ಕಷ್ಟ. ಅದಕ್ಕೇ ಕೆಳಗಿನಿಂದ ಕೂಗುತ್ತಿದ್ದದ್ದು. ಏದುಸಿರು ಇಳಿಯುವವರೆಗೆ ಬಾಗಿಲು ಹಿಡಿದು ನಿಂತಳು. ಕಿಟಕಿಯ ಬಿಸಿಲು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು.

"ಎಲ್ಲಿ, ತೋರಿಸು ನನ್ನನ್ನ."

ಗುಬ್ಬಿ ಉಗ್ರಾಣ ತೆರೆದಳು. ಬಿಳುಪಿನಲ್ಲಿ ಬೆಕ್ಕು ಹಾದುಹೋಯಿತು. ಅಮ್ಮ ಕುರ್ಚಿಯ ಮೇಲೆ ಕೂತ ಅಮ್ಮನನ್ನು ನೋಡಿದಳು.

"ಒಳ್ಳೆ ಸೀರೆ, ಒಳ್ಳೆ ಬಟ್ಟೆ ಏನೂ ಸಿಗ್ಲಿಲ್ವಾ ನಿಂಗೆ? ಈ ಹಳೇ ಸ್ವೆಟರೇ ಆಗ್ಬೇಕಿತ್ತಾ?"

"ಅಳತೆಗೆ ಅಂತ ಮಾಡಿದ್ದಮ್ಮ ಅದು. ಯಾರೂ ನೋಡ್ಬಾರ್ದಿತ್ತು."

"ಕೈಯಲ್ಲಿ ಒಂದು ಕೆಲಸನೂ ಇಲ್ಲ. ಹೀಗೆ ಸುಮ್ನೆ ಕೂತಿದ್ದು ಯಾವತ್ತಾದ್ರೂ ನೋಡಿದೀಯಾ ನನ್ನ?" ಆಮೇಲೆ ದನಿ ತಗ್ಗಿಸಿ, "ಎಷ್ಟು ಜನ ಬಂದು ಹೋದ್ರೇ?" ಎಂದಳು.

"ತುಂಬಾ ಜನ."

"ಕೇಳ್ಬಾರ್ದಾಗಿತ್ತಾ ನನ್ನ? ಗೊತ್ತಿಲ್ಲದವರೆಲ್ಲ ನನ್ನ ಪಕ್ಕ ಕೂತು ಹೋಗಿದಾರೆ. ಬನ್ನಿ ಅಂತ ಒಂದು ಮಾತು ನಾನು ಅಂದಿಲ್ಲ. ಕಿಟಕಿ ಹಾಕು ಅಂದಿದೀನಿ ಅವರಿಗೆ."

"ತಪ್ಪಾಯ್ತಮ್ಮ. ತೆಗೆದುಬಿಟ್ಟಿದೀನಿ."

"ತೆಗೆದ್ರೆ ಆಯ್ತಾ? ಆ ಹುಡುಗಿ ಮುಖ ನೋಡ್ಬೇಕಿತ್ತು ನೀನು." ಅಮ್ಮ ಪರದೆಯಿಂದ ಕಣ್ಣು ತೆಗೆದು ಮಗಳನ್ನು ನೋಡಿದಳು. "ಸರಿ. ನಿಂಗೇನು ಬೇಕಿತ್ತು? ಇಷ್ಟು ವರ್ಷ ಇಲ್ಲಿ ಕೂತು ಮಾಡಿದ್ದು ಇದನ್ನಂತೂ ಅಲ್ವಲ್ಲ."

ಗುಬ್ಬಿ ಕೊನೆಯ ಬೀದಿಯ ವಿಷಯ ಹೇಳಿದಳು. ಮಾತಿನಲ್ಲಿ ಹೇಳಿದರೆ ಅದು ಏನೂ ಅಲ್ಲವೆನಿಸಿತು: ನೀರು, ಮನೆಗಳು, ಸಂಜೆ. ಯಾರಾದರೂ ಒಬ್ಬರು ಅಲ್ಲಿ ದೋಣಿ ನಿಲ್ಲಿಸಿ ನೋಡಲಿ, ಆಮೇಲೆ ಯಾರು ಏನಾದರೂ ಬರೆಯಲಿ ಎಂದಳು.

"ಯಾರೂ ಅಲ್ಲಿ ತನಕ ಹೋಗಲ್ವಾ?"

"ಇಲ್ಲ."

"ಅಲ್ಲಿ ಯಾರಿದಾರೆ?"

"ಯಾರೂ ಇಲ್ಲ. ಬೀದಿ ಅಷ್ಟೇ."

ಅಮ್ಮ ಹುಟ್ಟು ಹಾಕಿ ನೋಡುತ್ತೇನೆಂದಳು. ದೋಣಿ ಮೊದಲ ತಿರುವಿನಲ್ಲೇ ಗಿರಗಿರ ಸುತ್ತಿ, ಒಂದು ದೀಪದ ಕಂಬಕ್ಕೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಹೋದಷ್ಟೂ ಹೊತ್ತು ಸರಿದು, ಬೆಳಗು ಹೋಗಿ ಮಧ್ಯಾಹ್ನವಾಯಿತು. ಅವಳು ಕೈಬಿಟ್ಟಳು.

"ನನ್ನನ್ನ ಆ ಬೀದೀಲಿ ಕೂರ್ಸು," ಎಂದಳು.

"ಏನು?"

"ಅಲ್ವೇ, ಒಂದು ಗೋಡೆ ಇಲ್ದೆ, ಸೂರಿಲ್ದೆ, ಬಯಲಲ್ಲಿ ಕೂರ್ಸಿದೀಯ ನನ್ನ. ಅಷ್ಟು ಮನೆ ಕಟ್ಟಿದೀಯಂತೆ, ನಂಗೊಂದು ಮನೆ ಇಲ್ವಾ? ನನ್ನ ನೋಡ್ಬೇಕು ಅನ್ನೋರು ಮನೆ ತನಕ ಬರ್ಲಿ."

ಗುಬ್ಬಿ ಒಪ್ಪಲಿಲ್ಲ. ಎರಡು ದಿನ ಅದನ್ನೇ ತಲೆಯಲ್ಲಿಟ್ಟುಕೊಂಡು ಗಾಜು ಅರೆದಳು. ಒಂದು ಗಾಜು ಹಾಳಾಯಿತು. ಅಮ್ಮ ಅಲ್ಲಿದ್ದರೆ ಜನ ಬರುತ್ತಾರೆ, ಸರಿ. ಆದರೆ ಅಮ್ಮನಿಗಾಗಿ ಬರುತ್ತಾರೆ. ಹುಟ್ಟು ನಿಲ್ಲಿಸದೆ ಬೀದಿಯನ್ನು ಹಾದು ನೇರವಾಗಿ ಬಾಗಿಲಿಗೆ ಹೋಗುತ್ತಾರೆ, ಸಂಜೆ ಅವರ ಬೆನ್ನ ಹಿಂದೆ ಮುಗಿದುಹೋಗುತ್ತದೆ. ಯಾರೂ ಬಾರದ ಬೀದಿಗಿಂತ ಎಲ್ಲರೂ ಹಾದುಹೋಗುವ ಬೀದಿಯೇ ಅವಳಿಗೆ ಹೆಚ್ಚು ದುಃಖದ್ದೆಂದು ತೋರಿತು.

"ಹಾಗಾದ್ರೆ ಬಿಡು," ಎಂದ ಅಣ್ಣ, ಹಾಳಾದ ಗಾಜನ್ನು ಬೆಳಕಿಗೆ ಹಿಡಿದು. "ಪೆಟ್ಟಿಗೇಲಿ ಹಾಕಿ ಬೀಗ ಹಾಕ್ಕೋ ನಿನ್ನ ಬೀದೀನ. ಬಾಗಿಲು ತೆಗೆದ್ಮೇಲೆ ಬರೋರು ಏನು ನೋಡ್ಬೇಕು ಅಂತ ನಾವು ಹೇಳಕ್ಕಾಗುತ್ತಾ? ಈ ಅಂಗಡಿಗೆ ದಿನಾ ಎಷ್ಟು ಜನ ಬರೀ ಕನ್ನಡಿ ನೋಡ್ಕೊಂಡು ಹೋಗ್ತಾರೆ ಗೊತ್ತಾ?"

ಮೂರನೆಯ ದಿನ ಅವಳು ಬೀದಿಯ ತುದಿಯ ಮನೆಯ ಕಿಟಕಿ ಒಡೆದು ಬಾಗಿಲು ಮಾಡಿದಳು.

ಅಮ್ಮನಿಗೆ ಷರತ್ತುಗಳಿದ್ದವು. ಕೈಯಲ್ಲಿ ಕೆಲಸ ಬೇಕು. ಅಂಗಿಗೆ ಗುಂಡಿ ಹೊಲಿಯುವುದೆಂದಾಯಿತು. ಸ್ವೆಟರಿನ ಬಣ್ಣ ಬದಲಾಯಿತು. ಕುರ್ಚಿಗೆ ಮೆತ್ತೆ ಬಂತು. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಮಾತು ಒಂದೂ ಇರಬಾರದು.

"ಜನಕ್ಕೆ ಅದೇ ಇಷ್ಟಮ್ಮ."

"ಇರ್ಬಹುದು. ಅದು ನಾನು ನಿಂಗೆ ಹೇಳಿದ್ದು. ಊರವರಿಗೆ ಹೇಳಿದ್ದಲ್ಲ. ಮನೆಗೆ ಬಂದೋರಿಗೆ ಹೋಗೇ ಬಾರೇ ಅಂತೀನಾ ನಾನು?"

ಮೈಕಿನ ಮುಂದೆ ಕೂರಿಸಿದಾಗ ಅಮ್ಮನ ದನಿ ರೈಲು ನಿಲ್ದಾಣದ ಪ್ರಕಟಣೆಯಂತಾಯಿತು. "ಬನ್ನಿ. ಕುಳಿತುಕೊಳ್ಳಿ. ಸಂತೋಷ." ಬಾಗಿಲಿನ ಹೊರಗೆ ನಿಂತಿದ್ದ ಅಣ್ಣ ನಕ್ಕಿದ್ದೂ ಅದರಲ್ಲಿ ಸೇರಿತು. ಅವನನ್ನು ಕೆಳಗೆ ಅಟ್ಟಿದ್ದಾಯಿತು. ಮೈಕನ್ನು ಪರದೆಯ ಹಿಂದೆ ಇಟ್ಟರೂ ಅಮ್ಮ ಅತ್ತಲೇ ತಿರುಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಕೊನೆಗೆ ಗುಬ್ಬಿ ಕೋಣೆಯ ಹೊರಗೆ ಹೋಗಿ, ಬಾಗಿಲು ಮುಚ್ಚಿ, ಬಂದವರ ಹಾಗೆ ತಟ್ಟಿದಳು. ಮತ್ತೆ ಮತ್ತೆ ತಟ್ಟಿದಳು. ಒಮ್ಮೆ ದಣಿದವರಂತೆ, ಒಮ್ಮೆ ನಾಚಿಕೆಯವರಂತೆ, ಒಮ್ಮೆ ಇದೇ ಮನೆಯೋ ಅಲ್ಲವೋ ಎಂದು ಗೊತ್ತಿಲ್ಲದವರಂತೆ. ಒಳಗಿನ ದನಿ ನಿಧಾನಕ್ಕೆ ಸಡಿಲವಾಯಿತು. ಎಷ್ಟನೆಯದೋ ಸಲ ತಟ್ಟಿದಾಗ ಒಳಗಿನಿಂದ, "ಬನ್ನಿ ಬನ್ನಿ. ದೂರದಿಂದ ಬಂದ್ರಾ?" ಎಂದು ಬಂತು. ಆ ದನಿಯಲ್ಲಿ ಮಗಳ ಗುರುತೇ ಇರಲಿಲ್ಲ. ಬಾಗಿಲಾಚೆ ನಿಂತಿದ್ದ ಗುಬ್ಬಿಗೆ, ನಿಜಕ್ಕೂ ದೂರದಿಂದ ಬಂದಿದ್ದೇನೆಂದು ಒಂದು ಕ್ಷಣ ಅನ್ನಿಸಿತು.

ಆಟವನ್ನು ಹೊರಗೆ ಹಾಕುವ ದಿನ ಅವಳು ಬರೆದದ್ದು ಒಂದೇ ಸಾಲು: ಅಮ್ಮ ಕೊನೆಯ ಬೀದಿಯಲ್ಲಿದ್ದಾಳೆ, ತುದಿಯ ಮನೆ. ಈ ಸಲ ಮಾತ್ರ ಎಲ್ಲಿಂದ ಶುರುವಾಗುತ್ತದೆಂದು ಅಣ್ಣನ ಕಂಪ್ಯೂಟರಿನಲ್ಲೂ ನೋಡಿ, ಬೆಕ್ಕಿನವನ ಮನೆಗೆ ಹೋಗಿ ಅಲ್ಲಿಯೂ ನೋಡಿ ಬಂದಳು.

ಮರುದಿನ ಬೆಕ್ಕಿನವನು ಒಂದು ವೆಬ್ ವಿಳಾಸ ಕಳಿಸಿ, ಜೊತೆಗೆ ಬರೆದಿದ್ದ: ಬಂದರಿನಲ್ಲಿ ಕ್ರೇನ್ ನಡೆಸುವವನೊಬ್ಬ, ರಜೆಯ ದಿನ ತಾನು ಆಡುವುದನ್ನು ಇಂಟರ್ನೆಟ್ಟಿನಲ್ಲಿ ನೇರವಾಗಿ ತೋರಿಸುತ್ತಾನೆ, ನೂರಾರು ಜನ ನೋಡುತ್ತಾರೆ. ಈಗ ನಿನ್ನದನ್ನು ಆಡುತ್ತಿದ್ದಾನೆ. ಗುಬ್ಬಿ ಅಮ್ಮನನ್ನು ಕೂಗಿದಳು. ಅಮ್ಮ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಕ್ರೇನಿನವನು ಎರಡನೆಯ ಸೇತುವೆ ದಾಟಿದ್ದ.

ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. ಅವನ ಕೈ ಮಾತ್ರ ಕ್ರೇನಿಗೆ ಪಳಗಿದ ಕೈಯೆಂದು ತಿಳಿಯುತ್ತಿತ್ತು. ದೋಣಿ ಎಲ್ಲೂ ತಾಗದೆ, ಕಂಬಗಳ ನಡುವೆ ನೂಲು ಹಿಡಿದಂತೆ ಸಾಗುತ್ತಿತ್ತು. ಸಾಗುತ್ತಲೇ ಅವನು ಮಾತಾಡುತ್ತಿದ್ದ, ಏನೇನೋ, ಮೇಲಧಿಕಾರಿಯ ಬಗ್ಗೆ, ಮೊಣಕಾಲು ನೋವಿನ ಬಗ್ಗೆ. ಪಕ್ಕದಲ್ಲಿ ನೋಡುವವರು ಬರೆಯುತ್ತಿದ್ದ ಸಾಲುಗಳು ಮೇಲೇರುತ್ತಿದ್ದವು. ಅಮ್ಮ ಎಲ್ಲಿ. ಇನ್ನೂ ಎಷ್ಟು ದೂರ. ಬೇಗ ಹೋಗು. ಅವನು ಹುಟ್ಟಿನ ವೇಗ ಹೆಚ್ಚಿಸಿದ. ಬಟ್ಟೆ ಒಣಗಿಹಾಕಿದ ಬೀದಿ ಹೋಯಿತು, ಗಡಿಯಾರದ ಗೋಪುರ ಹೋಯಿತು. ಗುಬ್ಬಿ ಒಂದು ಚಳಿಗಾಲವಿಡೀ ಬಿಡಿಸಿದ ಹೆಂಚುಗಳು ಸರಸರನೆ ಹಿಂದಕ್ಕೆ ಜಾರಿದವು. ನೆರಳುಗಳು ಉದ್ದವಾದವು.

"ಯಾಕೆ ಹಾಗೆ ಓಡಿಸ್ತಿದಾನೆ?" ಎಂದಳು ಅಮ್ಮ.

"ನಿನ್ನ ನೋಡೋಕೆ."

"ನಾನೇನು ಓಡಿಹೋಗ್ತೀನಾ?"

ದೋಣಿ ಕೊನೆಯ ಬೀದಿಗೆ ತಿರುಗಿತು. ಗುಬ್ಬಿ ಮೇಜಿನ ಅಂಚನ್ನು ಹಿಡಿದುಕೊಂಡಳು. ಆಕಾಶ ಬಣ್ಣ ಕಳೆದುಕೊಳ್ಳತೊಡಗಿತ್ತು. ಕ್ರೇನಿನವನು ಎಡಬಲ ನೋಡಲಿಲ್ಲ. ತುದಿಯಲ್ಲಿ ತೆರೆದ ಬಾಗಿಲಿನ ಹಳದಿ ಚೌಕ ಕಂಡಿತ್ತು, ಅದರತ್ತಲೇ ಹುಟ್ಟು ಹಾಕಿದ. ಪ್ರತಿ ಹುಟ್ಟಿಗೂ ಸಂಜೆ ಒಂದಿಷ್ಟು ಮುಗಿಯುತ್ತಿತ್ತು. ಅರ್ಧ ಬೀದಿ ಹೋಯಿತು. ನೀರಿನ ಮೇಲಿಂದ ಸಣ್ಣಗೆ ದನಿ ಬಂತು.

"ಬನ್ನಿ ಬನ್ನಿ. ದೂರದಿಂದ ಬಂದ್ರಾ?"

ಅವನು ಸರಿಯಾಗಿ ಕೇಳಿಸಿಕೊಳ್ಳಲು ಹುಟ್ಟು ಎತ್ತಿದ.

ಹೊತ್ತು ನಿಂತಿತು. ದೋಣಿ ತನ್ನಷ್ಟಕ್ಕೆ ಸ್ವಲ್ಪ ಜಾರಿ, ನಿಧಾನಕ್ಕೆ ಅಡ್ಡ ತಿರುಗಿತು. ಅದರ ಜೊತೆ ಅವನ ನೋಟವೂ ತಿರುಗಿತು, ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ನೀರಿಗೆ, ತಾನು ಬಂದ ದಾರಿಗೆ. ನೀರಿನೊಳಗೆ ಒಂದು ದೀಪ ಹೊತ್ತಿತು. ಅದರ ಮೇಲಿನ ಕಿಟಕಿ ಇನ್ನೂ ಕತ್ತಲಾಗಿತ್ತು.

"ಅರೆ," ಎಂದ ಕ್ರೇನಿನವನು.

ಇನ್ನೊಂದು ದೀಪ, ಕೆಳಗೆ, ಮತ್ತೆ ಮೇಲೆ. ಪಕ್ಕದಲ್ಲಿ ಏರುತ್ತಿದ್ದ ಸಾಲುಗಳು ತೆಳುವಾಗಿ, ನಿಂತೇಹೋದವು.

"ಯಾಕೆ ನಿಂತ?" ಎಂದಳು ಅಮ್ಮ. "ಕರೆದಿದ್ದು ಕೇಳಿಸ್ಲಿಲ್ವಾ ಅವನಿಗೆ? ಇನ್ನೊಂದ್ಸಲ ಕರೀಲಾ?"

"ಇಲ್ಲಿಂದ ಕರೆದ್ರೆ ಕೇಳಿಸಲ್ಲಮ್ಮ."

"ಮತ್ತೆ ಏನು ಮಾಡ್ತಿದಾನೆ ಅಲ್ಲಿ?"

ಅಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಗ್ಗಿದಳು. ಆ ಬೀದಿಯಲ್ಲೇ ಕೂತಿದ್ದರೂ ಅವಳು ಅದನ್ನು ನೋಡುತ್ತಿದ್ದದ್ದು ಇದೇ ಮೊದಲು.

"ಕೆಳಗಡೇದು ಮೊದ್ಲು ಹೊತ್ಕೊಳ್ಳುತ್ತೆ ಕಣೇ," ಎಂದಳು, ಮಗಳಿಗೆ ಹೊಸದಾಗಿ ಹೇಳುವವಳಂತೆ. "ನೋಡು, ನೀರೊಳಗಿಂದು."

ತುದಿಯ ಮನೆಯ ಬಾಗಿಲು ತೆರೆದೇ ಇತ್ತು. ಕ್ರೇನಿನವನು ಹುಟ್ಟು ಇಳಿಸಲಿಲ್ಲ.